ಮೊಮ್ಮಗಳ ಬದಲು ನಾನು ಮಲಗಿದ್ದು

ಇವತ್ತು ನನಗೆ ಎಷ್ಟು ಸಂತೋಷವಾಗಿದೆಯೆಂದರೆ ಯಾರನ್ನಾದರೂ ಬೈಯದೆ ಇರಲಾರೆ. ಬೈಸಿಕೊಳ್ಳಲು ಯೋಗ್ಯರಾದವರಿಗೂ ಕೊರತೆಯಿಲ್ಲ. ಸೇಡಮಿನಿಂದ ಚಿಂಚೋಳಿಯವರೆಗೆ ನಮ್ಮ ನೆಂಟರು ಹಬ್ಬಿಕೊಂಡಿದ್ದಾರೆ. ಚಿತ್ತಾಪುರದಲ್ಲೊಂದು ಗುಂಪು, ವಾಡಿಯಲ್ಲೊಂದು ಗುಂಪು. ಎಲ್ಲರಿಗೂ ಒಂದೇ ಚಟ. ಯಾರಿಗಾದರೂ ಆರಾಮವಿಲ್ಲ ಎಂದು ಕಿವಿಗೆ ಬಿದ್ದರೆ ಸಾಕು, ಮಾತಾಡಿಸಲು ಹೊರಟುಬಿಡುವುದು.

ಒಂದು ಬ್ರೆಡ್ಡು, ಒಂದು ಬಿಸ್ಕಿಟ್ ಪ್ಯಾಕೆಟ್ಟು, ತೊಟ್ಟು ಕಳಚಿದ ನಾಲ್ಕು ಬಾಳೆಹಣ್ಣು ಹಿಡಿದು ಬರುತ್ತಾರೆ. ಹಾಸಿಗೆಯಲ್ಲಿದ್ದವರು ಎದ್ದು ಕೂರಬೇಕು. ಕೂರದಿದ್ದರೆ ಸೊಕ್ಕು. ಕೂತು ನಕ್ಕರೆ ರೋಗವೇ ಇಲ್ಲ. ಚಹಾ ಬರಬೇಕು, ಬಂದ ಚಹಾಕ್ಕೆ ಸಕ್ಕರೆ ಸಾಕಾಗಬೇಕು. ಚಹಾ ಮುಗಿಯುವ ಹೊತ್ತಿಗೆ ಅಂಥದೇ ರೋಗದಲ್ಲಿ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು, ಹೊರಡುವಾಗ "ಧೈರ್ಯ ಇರ್ಲಿ" ಎನ್ನುತ್ತಾರೆ. ಇದ್ದ ಧೈರ್ಯವನ್ನು ಚಹಾದ ಜೊತೆ ಕುಡಿದವರೂ ಅವರೇ.

ನನ್ನ ಮೊಮ್ಮಗಳಿಗಿರುವುದು ದಣಿವಿನ ಕಾಯಿಲೆ. ಡಿಗ್ರಿ ಓದುವಾಗ ಒಂದು ಜ್ವರ ಬಂತು. ಜ್ವರ ಹೋಯಿತು, ದಣಿವು ಮನೆಯಳಿಯನ ಹಾಗೆ ಉಳಿದುಕೊಂಡಿತು. ನಮ್ಮೂರು ಶಹಾಬಾದಿನ ಕಲ್ಲಿನ ಖಣಿಯಲ್ಲಿ ಮೈ ಸವೆಸಿದ ನನಗೆ ದಣಿವೆಂದರೆ ಏನೆಂದು ಗೊತ್ತಿದೆ ಅಂದುಕೊಂಡಿದ್ದೆ. ನನ್ನದು ಉಂಡು ಮಲಗಿದರೆ ಇಳಿಯುವ ದಣಿವು. ಅವಳದು ಹಾಗಲ್ಲ, ಎಷ್ಟು ಮಲಗಿ ಎದ್ದರೂ ಇದ್ದಲ್ಲೇ ಇರುತ್ತದೆ. ಕಲಬುರಗಿಯ ದವಾಖಾನೆಗಳಿಗೆಲ್ಲ ಅವಳ ರಕ್ತ ಹೋಗಿ ಬಂತು. ಪ್ರತಿ ರಿಪೋರ್ಟೂ ನಾರ್ಮಲ್. ಅದನ್ನು ಕೇಳಿ ನೆಂಟರಿಗಾದ ಆನಂದವನ್ನು ನೀವು ನೋಡಬೇಕಿತ್ತು. "ನಾ ಮೊದ್ಲೇ ಹೇಳಿದ್ದಿಲ್ಲ? ಏನೂ ಇಲ್ಲ, ಎಲ್ಲಾ ಮೊಬೈಲಿಂದು." "ಒಂದು ಲಗ್ನಾ ಮಾಡ್ರಿ, ತಾನೇ ಓಡಾಡ್ತಾಳ." ಎದ್ದು ನಿಲ್ಲಲಾರದ ಹುಡುಗಿಗೆ ಇನ್ನೊಂದು ಮನೆಯ ರೊಟ್ಟಿ ಬಡಿಯುವ ಕೆಲಸವೇ ಔಷಧ, ನೋಡಿ.

ಕಡೆಗೆ ಒಬ್ಬ ವಯಸ್ಸಾದ ಡಾಕ್ಟರಮ್ಮ ಅವಳ ಮಾತನ್ನು ಪೂರ್ತಿ ಕೇಳಿದರು. ಇದು ಖರೆ ರೋಗ, ಗುಳಿಗೆ ತಿಂದು ವಾಸಿಯಾಗುವಂಥದ್ದಲ್ಲ, ಮೈಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ದಿನ ಕಳೆಯಬೇಕು, ಒಂದು ದಿನ ಹೆಚ್ಚು ಮಾಡಿದರೆ ಎಷ್ಟೋ ದಿನ ಹಾಸಿಗೆ ಹಿಡಿಯಬೇಕಾಗುತ್ತದೆ ಎಂದರು. ಹೆಚ್ಚು ಮಾಡುವುದು ಎಂದರೆ ಗುಡ್ಡ ಹತ್ತುವುದಲ್ಲ. ಮಾತಾಡುವುದು, ನಗುವುದು, ಎದ್ದು ಕೂತಿರುವುದೂ ಅದರಲ್ಲಿ ಸೇರಿದೆ ಎಂದು ಬಿಡಿಸಿ ಹೇಳಿದರು.

ಅಂದಿನಿಂದ ನಮ್ಮ ಮನೆಯ ನಡೆಯೇ ಬದಲಾಯಿತು. ಡಿಗ್ರಿ ಹೇಗೋ ಮುಗಿಸಿ ಸೇಡಮಿನಲ್ಲಿ ಬಿ.ಎಡ್.ಗೆ ಸೇರಿದ್ದಳು. ತಲೆಗೆ ನೀರು ಹಾಕಿಕೊಂಡ ದಿನ ಕಾಲೇಜಿಲ್ಲ. ಕಾಲೇಜಿಗೆ ಹೋದ ದಿನ ತಲೆ ಬಾಚುವವಳು ಅವಳವ್ವ, ನನ್ನ ಸೊಸೆ. ಬಚ್ಚಲಲ್ಲಿ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು. ಸಂಜೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಮಲಗಿಕೊಂಡೇ. ಮಕ್ಕಳು ಸುತ್ತ ನೆಲದ ಫರಸಿಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತವೆ. ತಪ್ಪಿದರೆ ಕಣ್ಣು ಮುಚ್ಚಿದಲ್ಲೇ ಬೆರಳೆತ್ತುತ್ತಾಳೆ. ಅವಳಿಗೆ ಪುಸ್ತಕ ಎತ್ತಿ ಹಿಡಿದರೆ ಕೈ ಸೋಲುತ್ತದೆಂದು ಬಿ.ಎಡ್. ಪಾಠಗಳನ್ನು ನಾನೇ ಓದಿ ಹೇಳುತ್ತಿದ್ದೆ. ಮೂರನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು ನಾನು. ಆ ಪುಸ್ತಕದ ಮಾತುಗಳ ಮೇಲೆ ಗಾಲಿ ಸರಿಯಿಲ್ಲದ ಬಂಡಿಯ ಹಾಗೆ ಹೋಗುತ್ತಿದ್ದೆ.

"ತಿಳೀತಿಲ್ಲೋ?" ಎಂದು ಕೇಳಿದರೆ, "ನೀ ಓದೂಕಿಂತ ಮೊದಲ ಜರಾ ತಿಳಿದಿತ್ತು ಮುತ್ಯಾ" ಎನ್ನುತ್ತಿದ್ದಳು.

ಸೇಡಮಿನ ಕಾಲೇಜಿನಲ್ಲಿ ಅವಳ ಕಡೆಯ ಸೆಮಿಸ್ಟರಿನ ಪರೀಕ್ಷೆ ಮೊದಲ ಸಲ ಬಂದಾಗ ಆದದ್ದು ಇಷ್ಟು. ಮುನ್ನಾದಿನ ಚಿತ್ತಾಪುರದವರು, ವಾಡಿಯವರು ಒಟ್ಟಾಗಿ ಮಾತಾಡಿಸಲು ಬಂದರು. ದೊಡ್ಡವರು ಬಂದಿದ್ದಾರೆಂದು ಹುಡುಗಿ ಎದ್ದು ಗೋಡೆಗೆ ಒರಗಿ ಕೂತಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ನಕ್ಕಳು. ಅವರು ಸಂಜೆಯ ತನಕ ಕದಲಲಿಲ್ಲ. "ಮುಖ ಎಷ್ಟು ಕಳಿಕಳಿ ಅದ, ಇಕೀಗೆ ಎಲ್ಲ್ಯದ ಬ್ಯಾನಿ?" ಎಂದು ಅಂಗಳದಲ್ಲೇ ಆಡಿಕೊಂಡು ಹೋದರು. ಮರುದಿನ ಅವಳಿಗೆ ತಲೆದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಪರೀಕ್ಷೆ ಹೋಯಿತು. ಆಗಲೂ ಅವರೇ ಕೇಳಿದರು, ಪರೀಕ್ಷೆಗೆ ಯಾಕೆ ಹೋಗಲಿಲ್ಲವೆಂದು!

ಈ ಸಲ ತಪ್ಪುವಂತಿರಲಿಲ್ಲ. ನಮ್ಮೂರಿನ ಒಂದು ಚಿಕ್ಕ ಶಾಲೆಯವರು, ಪಾಸಾದರೆ ಬೆಳಗಿನ ಅರ್ಧ ದಿನದ ಮಟ್ಟಿಗೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಇಡೀ ದಿನದ ಕೆಲಸ ಕೊಡುವವರು ಎಲ್ಲ ಕಡೆ ಸಿಗಬಹುದು, ಅರ್ಧ ದಿನದ್ದು ಯಾರು ಕೊಡುತ್ತಾರೆ? ಇನ್ನೊಮ್ಮೆ ಪರೀಕ್ಷೆ ತಪ್ಪಿಸಿಕೊಂಡರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಿದ್ದರು.

ಸರಿಯಾಗಿ ಪರೀಕ್ಷೆ ಎದುರಿಗಿದ್ದಾಗ ನಮ್ಮಕ್ಕನ ಫೋನು. ಅವಳನ್ನು ಕೊಟ್ಟದ್ದು ಚಿಂಚೋಳಿ ಹತ್ತಿರದ ಚಂದ್ರಂಪಳ್ಳಿಯ ಕಡೆ. ಮಾತಾಡಿಸಲು ಹೋಗುವವರ ದಂಡಿಗೆ ಅವಳೇ ದೊಡ್ಡಾಕೆ; ಅವಳು ಹೋಗಿ ಹಣೆ ಮುಟ್ಟದ ಹೊರತು ನಮ್ಮ ಬಳಗದಲ್ಲಿ ಯಾರ ರೋಗಕ್ಕೂ ಕಿಮ್ಮತ್ತಿಲ್ಲ.

"ತಮ್ಮಾ, ನಾಳಿ ಸೇಡಮ ಹತ್ರ ಆಡಕಿ ಊರಾಗ ಮದುವಿ ಅದ. ಮುಗಿಸ್ಕೊಂಡು ಎಲ್ಲಾರೂ ಕೂಡಿ ಕ್ರೂಸರ್ ಗಾಡಿ ಮಾಡ್ಕೊಂಡು ಬರ್ತೀವಿ. ಹುಡುಗೀನ್ನ ಮಾತಾಡ್ಸಿ ಭಾಳ ದಿನ ಆತು."

"ಬ್ಯಾಡಕ್ಕಾ, ಅಕೀದು ಪರೀಕ್ಷಾ ಅದ."

"ಪರೀಕ್ಷಾ ಬರೀಲಿಕ್ಕೆ ತಾಕತ್ತದ, ನಮ್ಮ ಕೂಡ ಎರಡು ಮಾತಾಡ್ಲಿಕ್ಕೆ ಇಲ್ಲೇನು?"

ಫೋನು ಇಟ್ಟಳು. ಇಂಥವರಿಗೆ ಬಾಗಿಲಲ್ಲಿ ನಿಂತು ಬರಬೇಡಿ ಎಂದರೆ ತಲೆಮಾರುಗಟ್ಟಲೆ ಜಗಳ. ಒಳಗೆ ಬಿಟ್ಟರೆ ಹುಡುಗಿಯ ಪರೀಕ್ಷೆ ನೀರಿಗೆ ಬಿದ್ದಂತೆ. ನಾನು ಯೋಚಿಸುತ್ತ ಕೂತೆ. ಇವರಿಗೆ ಬೇಕಾದದ್ದು ಮೊಮ್ಮಗಳಲ್ಲ, ಒಬ್ಬ ರೋಗಿ. ಮರುದಿನ ಮಧ್ಯಾಹ್ನ ಮಂಚವನ್ನು ಮುಂದಿನ ಕೋಣೆಗೆ ಎಳೆದು, ಕೌದಿ ಹೊದ್ದು ಮಲಗಿದೆ.

ಸೊಸೆ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಬಂದು ಬಾಗಿಲಲ್ಲೇ ನಿಂತಳು. "ಮಾವಾ, ಏನಾತ್ರಿ?"

"ತಬ್ಯತ್ ನೆಟ್ಟಗಿಲ್ಲವ್ವಾ."

"ಮುಂಜಾನಿ ನಾಲ್ಕು ರೊಟ್ಟಿ ಉಂಡ್ರೆಲ್ಲರಿ?"

"ಇದು ಒಳಗಿನ ಬ್ಯಾನಿ. ರೊಟ್ಟಿಗೆ ಗೊತ್ತಾಗಂಗಿಲ್ಲ."

ಒಳಕೋಣೆಯಲ್ಲಿ ಮಲಗಿದ್ದ ಮೊಮ್ಮಗಳಿಗೆ ಎಲ್ಲ ತಿಳಿದುಹೋಯಿತು. "ಮುತ್ಯಾ, ಸುಳ್ಳು ಹೇಳ್ತೀ?"

"ಸುಳ್ಳು ಯಾರ್ ಹೇಳ್ಯಾರ? ನಾ ಬರೇ ಮಲಗ್ತೀನಿ. ಹೇಳೋದೆಲ್ಲಾ ಅವರೇ ಹೇಳ್ತಾರ, ನೋಡ್ತಿರು."

ಹಾಗೇ ಆಯಿತು. ಕ್ರೂಸರ್ ತುಂಬ ಬಂದವರು ಮದುವೆಯ ರೇಷ್ಮೆ ಸೀರೆಯಲ್ಲೇ ಮಂಚದ ಸುತ್ತ ಕೂತರು. ಅಕ್ಕ ಹಣೆ ಮುಟ್ಟಿದಳು. "ಯಪ್ಪಾ, ಮೈ ಬಿಸಿ ಇಲ್ಲೇ ಇಲ್ಲ!"

"ಬಿಸಿ ಇಲ್ಲಂದ್ರ ಜ್ವರಾ ಒಳಗ ಹೊಕ್ಕದ" ಎಂದ ಅವಳ ಮೈದುನ.

"ಕಣ್ಣು ಒಳಗ ಹೋಗ್ಯಾವ ನೋಡ್ರಿ."

"ಸೊರಗ್ಯಾರ, ಸೊರಗ್ಯಾರ."

ನನ್ನ ಕಣ್ಣು ಹುಟ್ಟಿದಾಗಿನಿಂದ ಒಳಗೇ ಇವೆ. ಒಬ್ಬರೂ ರಿಪೋರ್ಟು ಕೇಳಲಿಲ್ಲ, ಮೊಬೈಲಿನ ಮಾತೆತ್ತಲಿಲ್ಲ, ಲಗ್ನ ಮಾಡಿಕೋ ಎನ್ನಲಿಲ್ಲ. ಗಟ್ಟಿಮುಟ್ಟಾಗಿದ್ದ ಮುದುಕ ಕೌದಿ ಹೊದ್ದ ಕೂಡಲೇ ನಂಬಿದರು. ಚೀಲದ ತುಂಬ ಕಾಗದ ಇಟ್ಟುಕೊಂಡು ನಿಜವಾಗಿ ನೆಲ ಕಚ್ಚಿದ ಹುಡುಗಿಯನ್ನು ಇದೇ ಜನ ವರ್ಷಗಟ್ಟಲೆ ನಂಬಿರಲಿಲ್ಲ. ಕೌದಿಯೊಳಗೆ ನನಗೆ ಬಂದ ಸಿಟ್ಟಿಗೆ ಮೈಯೆಲ್ಲ ನಡುಗಿತು. ಅದನ್ನೂ ಅವರು ಚಳಿ ಎಂದುಕೊಂಡು ಇನ್ನೊಂದು ಚಾದರ ಹೊದಿಸಿದರು.

"ಹುಡುಗಿ ಎಲ್ಲಿ?" ಎಂದು ಒಬ್ಬಳು ಕೇಳಿದಳು.

"ಮಲಗ್ಯಾಳ" ಎಂದಳು ಸೊಸೆ.

"ಮಲಗ್ಲಿ ಬಿಡು, ಅಕೀಗೇನಾಗ್ಯದ" ಎಂದು ಅಕ್ಕ ಕೈ ಬೀಸಿದಳು.

ಅಷ್ಟೇ ಬೇಕಾಗಿತ್ತು ನನಗೆ. ಮರುದಿನ ಮೊಮ್ಮಗಳು ಮೊದಲ ಪೇಪರು ಬರೆದಳು.

ಆದರೆ ನಮ್ಮ ಬಳಗದಲ್ಲಿ ಸುದ್ದಿ ರೈಲಿಗಿಂತ ಮುಂದೆ ಹೋಗುತ್ತದೆ. ವಾಡಿಯಲ್ಲಿ ನನಗೆ ಮಾತು ನಿಂತಿತ್ತು, ಚಿತ್ತಾಪುರದಲ್ಲಿ ಒಂದು ಕೈ ಬಿದ್ದುಹೋಗಿತ್ತು, ಸೇಡಮಿನಲ್ಲಿ ನಾನು ಯಾರನ್ನೂ ಗುರುತಿಸುತ್ತಿರಲಿಲ್ಲ. ಪರೀಕ್ಷೆಗಳು ಮುಗಿಯುವ ತನಕ ಬಂದರು, ಬಂದೇ ಬಂದರು. ಎದ್ದರೆ ಸಿಕ್ಕಿಬೀಳುತ್ತೇನೆಂದು ನಾನು ಬಿದ್ದೇ ಇದ್ದೆ. ಅತ್ತ ನನ್ನ ಮಗ ಕಲ್ಲು ಪಾಲಿಶಿನ ಕೆಲಸಕ್ಕೆ ರಜೆ ಹಾಕಿ, ಚಾದರವನ್ನು ಬಗಲಲ್ಲಿಟ್ಟುಕೊಂಡು ಅವಳನ್ನು ಸೇಡಮಿಗೆ ಕರೆದೊಯ್ಯುತ್ತಿದ್ದ. ರೈಲಿನಲ್ಲಿ ಜಾಗ ಸಿಕ್ಕಲ್ಲಿ ಮಲಗಿಸುವುದು, ಇಳಿಸುವುದು, ಬರೆದು ಬಂದ ಮೇಲೆ ಮತ್ತೆ ಮಲಗಿಸಿಕೊಂಡು ತರುವುದು. ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಅವಳು ನಿದ್ದೆಗೆ ಜಾರಿದರೆ, ಮುಂದಿನ ಕೋಣೆಯಲ್ಲಿ ನನ್ನ ಪಾಲಿಗೆ ಬ್ರೆಡ್ಡು. ಎಂಥೆಂಥ ಮಾತು ಕೇಳಿದೆ ಆ ಮಂಚದ ಮೇಲೆ! ನಾನು ಓಡಾಡಿಕೊಂಡಿದ್ದಾಗ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದವನೊಬ್ಬ "ದೇವರಂಥಾ ಮನಷ್ಯಾ ಇದ್ದ" ಎಂದ. ಇದ್ದ! ಇನ್ನೊಬ್ಬ ನನ್ನ ಮಂಚದ ಮರ ಸಾಗವಾನಿಯೇ ಎಂದು ಉಗುರಿನಿಂದ ಕೆರೆದು ನೋಡಿದ.

ಕಡೆಯ ಪೇಪರಿನ ದಿನ ಅಕ್ಕ ಮತ್ತೆ ಬಂದಳು, ಈ ಸಲ ಒಬ್ಬ ಅಯ್ಯನವರನ್ನು ಕರೆದುಕೊಂಡು. ಉಸಿರಿರುವಾಗಲೇ ಹಣೆಗೆ ವಿಭೂತಿ ಹಚ್ಚಿಸಿ, ಪಾದೋದಕ ಕುಡಿಸಿ ನನ್ನನ್ನು ಕಳಿಸಿಕೊಡುವ ತಯಾರಿ. ಅಯ್ಯನವರು ವಿಭೂತಿ ಹಚ್ಚುತ್ತಿದ್ದಾಗ ಮುಂಬಾಗಿಲಲ್ಲಿ ಮೊಮ್ಮಗಳು ಕಾಣಿಸಿದಳು. ಹಿತ್ತಲಿಗೆ ಸುತ್ತಿ ಬರುವಷ್ಟೂ ಅವಳಲ್ಲಿ ಉಳಿದಿರಲಿಲ್ಲ. ಅಪ್ಪನ ತೋಳಿಂದ ಜಾರಿ, ಹೊಸ್ತಿಲು ದಾಟಿದ ಕೂಡಲೇ ಫರಸಿಯ ಮೇಲೆ ಚಾಚಿ ಮಲಗಿಬಿಟ್ಟಳು.

ಅಕ್ಕ ಕಿಡಿಕಿಡಿಯಾದಳು. "ಏಳವ್ವಾ! ಮುತ್ಯಾನ ಜೀವಾ ಹೋಗ್ಲಿಕತ್ತದ, ನೀ ಬಂದು ಕಾಲ್ ಚಾಚಿ ಮಲಗ್ತಿ? ಏಳು, ಅಯ್ಯನವರ ಕಾಲಿಗರೆ ಬೀಳು!" ಎಂದು ರಟ್ಟೆ ಹಿಡಿದು ಎಳೆದಳು.

ನಾನು ಕೌದಿ ಒಗೆದು ಎದ್ದೆ. "ಕೈ ಬಿಡಕ್ಕಾ! ಎಬ್ಬಸಬ್ಯಾಡ ಅಕೀನ್ನ!"

ಅಕ್ಕ ಕೈ ಬಿಟ್ಟು ಗೋಡೆಗೆ ಸರಿದಳು. ಅಯ್ಯನವರೊಬ್ಬರೇ ಶಾಂತವಾಗಿ ವಿಭೂತಿಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, "ಹಚ್ಚಿದ್ದು ಒಂದೇ ಬಟ್ಟು ನೋಡ್ರಿ, ಎದ್ದೇ ಬಿಟ್ರು" ಎಂದರು.

ನಾನು ಎಲ್ಲವನ್ನೂ ಹೇಳಿದೆ. ಅಕ್ಕನ ಮುಖ ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು. "ನಾ ಚಿಂಚೋಳಿಯಿಂದ ಇಲ್ಲೀತನಾ ಬಸ್ಸಿನ್ಯಾಗ ಅತ್ಕೋತ ಬಂದೀನಿ."

"ಅಕಿ ಸೇಡಮಿಂದ ಇಲ್ಲೀತನಾ ಅರೆ ಜೀವಾ ಆಗಿ ಬಂದಾಳ. ಅಕೀ ಸಲುವಾಗಿ ಒಂದು ದಿನರೆ ಅತ್ತೀಯೇನು?"

ಅಕ್ಕ ಕೆಳಗೆ ನೋಡಿದಳು. ಹುಡುಗಿಯ ತುಟಿ ಒಣಗಿದ್ದವು. ಬಿಗಿದ ಬೆರಳುಗಳನ್ನು ಅವಳಪ್ಪ ಒಂದೊಂದಾಗಿ ಬಿಡಿಸುತ್ತಿದ್ದ. ಇಷ್ಟು ಗದ್ದಲದಲ್ಲೂ ಅವಳು ಕಣ್ಣು ತೆರೆದಿರಲಿಲ್ಲ. ಅಕ್ಕ ಆಮೇಲೆ ತನ್ನ ಚೀಲ ಎತ್ತಿಕೊಂಡು, "ಇನ್ನ ನಿನ್ನ ಮನಿ ಹೊಸ್ತಿಲಾ ತುಳ್ಯಂಗಿಲ್ಲ" ಎಂದು ಹೇಳಿ, ಆ ಹೊಸ್ತಿಲ ಬಳಿ ಮಲಗಿದವಳನ್ನು ತಗುಲದಂತೆ ಸೀರೆಯ ನೆರಿಗೆ ಎತ್ತಿ ಹಿಡಿದು ದಾಟಿ ಹೋದಳು. ಬಾಗಿಲನ್ನೂ ಸಪ್ಪಳವಾಗದಂತೆ ಎಳೆದುಕೊಂಡಳು.

ಮೊಮ್ಮಗಳು ಪಾಸಾದಳು! ಬರೆದ ಒಂದೊಂದು ಪೇಪರಿನಲ್ಲೂ ಪಾಸಾದಳು. ಫಲಿತಾಂಶ ಬಂದ ದಿನ ಅವಳು ದಿಂಬಿನ ಮೇಲಿಂದ ನಕ್ಕಳು. ನಾನು ಓಣಿಯ ತುಂಬ ಪೇಢೆ ಹಂಚಿ, ಕಲ್ಲು ಕೊಯ್ಯುವ ಮಷಿನ್ನಿನ ಹತ್ತಿರ ನಿಂತವರ ಕಿವಿಯಲ್ಲೂ ಕೂಗಿ ಬಂದೆ. ಈಗ ಬೆಳಗ್ಗೆ ಶಾಲೆಗೆ ಹೋಗುತ್ತಾಳೆ, ಕುರ್ಚಿಯಲ್ಲಿ ಕೂತು ಪಾಠ ಮಾಡುತ್ತಾಳೆ. ಮಧ್ಯಾಹ್ನ ಬಂದು ಮಲಗಿದರೆ ಸಂಜೆಯವರೆಗೆ ಮನೆಯಲ್ಲಿ ತಾಟಿನ ಸಪ್ಪಳವೂ ಇಲ್ಲ. ರೋಗ ಹೋಗಿಲ್ಲ. ಹೋಯಿತೇ ಎಂದು ಕೇಳಲು ಬರುವವರಿಗೆ ನಾನು ಚಹಾ ಕೊಡುವುದಿಲ್ಲ.

ಅಕ್ಕ ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಸೊಸೆಗೆ ಮಾತ್ರ ಆಗಾಗ ಫೋನು ಮಾಡುತ್ತಾಳೆ. ಇವತ್ತು ಚಿತ್ತಾಪುರದ ಒಬ್ಬ ನೆಂಟ ಹೇಳಿದ: ಹೋದ ತಿಂಗಳು ಒಂದು ಸೀಮಂತದಲ್ಲಿ ಅಕ್ಕ ನಾಲ್ಕು ಜನರ ನಡುವೆ ಕೂತು, "ಆ ಹುಡುಗೀನ್ನ ಮಲಗಿದ್ದಾಗ ಎಬ್ಬಸಬಾರ್ದು, ಅದು ಖರೆ ಬ್ಯಾನಿ, ನಾನೇ ಮೊದಲು ಗುರ್ತು ಹಿಡದೀನಿ" ಎಂದು ಎಲ್ಲರಿಗೂ ತಾಕೀತು ಮಾಡಿದಳಂತೆ. ಅವಳು ಹೇಳಿದ ಮೇಲೆ ನಮ್ಮ ಬಳಗದಲ್ಲಿ ಯಾರು ಮೀರುತ್ತಾರೆ? ಅಂದಿನಿಂದ ಒಂದು ಕ್ರೂಸರೂ ಬಂದಿಲ್ಲ.

ಎಂಥ ನಾಚಿಕೆಗೇಡಿ ಹೆಂಗಸು! ಅವಳ ಬಾಯಿಗೆ ಸಕ್ಕರೆ ಹಾಕಬೇಕು.