ಅಟ್ಟದಲ್ಲಿ ಒಣಗುತ್ತಿದ್ದ ನಿಧಿ

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಅರಸೀಕೆರೆಗೆ ಮರಳಿದ ವರ್ಷ, ಪೊಲೀಸರ ಪರಿಹಾರ ನಿಧಿ ನಮ್ಮ ಮನೆಯ ಅಟ್ಟದ ಮೇಲಿತ್ತು.

ಅಪ್ಪ ಠಾಣೆಯ ದಫೇದಾರರು. ಸಂಬಳದ ದಿನ ಕಾನ್‌ಸ್ಟೇಬಲ್‌ಗಳು ಕೊಡುತ್ತಿದ್ದ ಒಂದೊಂದು ರೂಪಾಯಿ ಅವರ ವಶದಲ್ಲಿರುತ್ತಿತ್ತು. ತೀರಿಕೊಂಡವರ ಮನೆಯವರಿಗೆ ಅದರಿಂದಲೇ ನೆರವು. ಆ ವರ್ಷ ಎರಡು ಸಾವಾಗಿ ಪೆಟ್ಟಿಗೆ ಬರಿದಾಗಿತ್ತು. ಆಗ ತೋಟದವರೊಬ್ಬರು ನಿಧಿಗೆಂದು ಎರಡು ಗಾಡಿ ತೆಂಗಿನಕಾಯಿ ಕೊಟ್ಟು, ಠಾಣೆಯಿಂದ ರಸೀದಿ ಪಡೆದರು. ಹಾಗೇ ಮಾರಿದರೆ ಅಲ್ಪ ಬೆಲೆ. ವರ್ಷವಿಡೀ ಅಟ್ಟದಲ್ಲಿಟ್ಟು ಕೊಬ್ಬರಿಯಾದ ಮೇಲೆ ಮಾರಿದರೆ ಎರಡರಷ್ಟು.

"ಎಕನಾಮಿಕ್ಸ್ ಓದಿದ್ದು ಸಾರ್ಥಕ ಆಯ್ತು ಕಣೇ, ಎಣಿಸು," ಎಂದರು ಅಮ್ಮ.

ಮಧ್ಯಾಹ್ನಗಳಲ್ಲಿ ಅಟ್ಟದ ಹಲಗೆಗಳನ್ನೇ ನೋಡುತ್ತಾ ಮಲಗುತ್ತಿದ್ದೆ. ಅಷ್ಟು ಕಾಯಿಗಳೊಳಗೆ ನೀರು ಸದ್ದಿಲ್ಲದೆ ಇಂಗುತ್ತಿದೆ ಎಂಬ ಯೋಚನೆಯಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಎಂಟನೆಯ ತಿಂಗಳಲ್ಲಿ, ಹಳೇಬೀಡಿಗೆ ಬಂದೋಬಸ್ತಿಗೆ ಹೋಗಿ ಬಂದ ಕಾನ್‌ಸ್ಟೇಬಲ್ ಒಬ್ಬರು ಜ್ವರದಿಂದ ತೀರಿಕೊಂಡರು. ಅವರ ಹೆಂಡತಿ ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕು. ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅದಾದ ಮೇಲೂ ನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಒಂದು ಕೋಣೆಯ ಬಾಡಿಗೆ ಹುಟ್ಟದಿದ್ದರೆ, ಓದು ಬಿಡಿಸಿ, ಬಿಕ್ಕೋಡಿನ ಎಸ್ಟೇಟಿನಲ್ಲಿದ್ದ ತಮ್ಮನ ಮನೆಗೆ ಹೋಗುವುದೇ ದಾರಿ.

ಅಪ್ಪ ನನ್ನನ್ನು ಲೆಕ್ಕ ಕೇಳಿದರು. ಈಗ ಮಾರಿದರೆ ನಿಧಿಗೆ ಅರ್ಧ ನಷ್ಟ, ಕಾಯುವುದೇ ಸರಿ ಎಂದು ದುಂಡಗೆ ಬರೆದುಕೊಟ್ಟೆ. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಎರಡು ಸಲ ಓದಿದರು.

"ಆಯಮ್ಮ ಬಂದ್ರೆ ನೀನೇ ಹೇಳಮ್ಮ," ಎಂದು ಟೋಪಿ ಹಾಕಿಕೊಂಡು ಹೊರಟುಬಿಟ್ಟರು.

ಆಕೆ ಬಂದರು. ಓದಿ ಹೇಳಿದೆ. ಆಕೆ ತಲೆಯೆತ್ತಿ ಅಟ್ಟದ ಕಡೆ ನೋಡಿದರು.

"ಅಟ್ಟ ಹತ್ತಿ ನೋಡ್ಲಾ, ತಾಯಿ?"

ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುವವರ ಮಗಳು ಆಕೆ. ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿದರು. "ಇದ್ರಾಗೆ ನೀರೈತೆ. ಇದ್ರಾಗೂ ಐತೆ." ಅಡುಗೆಮನೆಯ ಮೇಲಿನ ಮೂಲೆಗೆ ಹೋದಾಗ ಸದ್ದು ಬದಲಾಯಿತು, ಚಿಪ್ಪಿನೊಳಗೆ ಕೊಬ್ಬರಿ ಗಟಗಟ ಉರುಳಿತು.

"ಇಲ್ಲಿ ಒಲೆ ಕಾವು ತಗಲ್ತದೆ, ಇವು ಕೊಬ್ಬರಿ ಆಗವೆ. ಇಷ್ಟು ದಿನ ಕೆಳಗೇ ಇದ್ದೀರಲ್ಲವ್ವ, ಓದಿದೋರು. ಒಂದಿನಾನಾದ್ರೂ ಅಲ್ಲಾಡಿಸಿ ನೋಡ್ಲಿಲ್ವಾ?"

ನನ್ನ ಹಾಳೆಯಲ್ಲಿ ಎಲ್ಲ ಕಾಯಿಗಳೂ ಒಂದೇ ದಿನ ಒಣಗುತ್ತಿದ್ದವು.

ಒಣಗಿದ್ದಷ್ಟನ್ನು ಮಾರಿದ್ದರಿಂದ ಮೂರು ತಿಂಗಳ ಬಾಡಿಗೆ ಹುಟ್ಟಿತು. ನಾಲ್ಕನೆಯದಕ್ಕೆ ಇನ್ನಷ್ಟು ತೆಗೆಯೋಣವೆಂದು ಅಪ್ಪ ಹೇಳಿದರೆ ಆಕೆ ಒಪ್ಪಲಿಲ್ಲ.

"ಹಸೀವು ಮುಟ್ಟಬ್ಯಾಡಿ ದಫೇದಾರ್ರೇ. ಒಂದು ತಿಂಗಳದ್ದು ನಾನೇ ಮಂಡೀಲಿ ದುಡೀತೀನಿ. ಅವು ಮುಂದಿನೋಳಿಗೆ."

ಮಗಳು ಪರೀಕ್ಷೆ ಬರೆದಳು.

ಮುಂದಿನವಳು ಯಾರೆಂದು ನಮಗಾರಿಗೂ ಗೊತ್ತಿರಲಿಲ್ಲ. ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಆ ಹೊತ್ತಿಗೆ ಯಾರೋ ಒಬ್ಬಾಕೆ ಗಂಡನ ಖಾಕಿ ಅಂಗಿಗೆ ಗಂಜಿ ಹಾಕಿ ಬಿಸಿಲಿಗೆ ಹರವುತ್ತಿರಬಹುದು. ಅವಳ ಪಾಲಿನ ಕಾಯಿಗಳು ನಿಧಾನವಾಗಿ, ಬಹಳ ನಿಧಾನವಾಗಿ ಒಣಗಲಿ ಎಂದುಕೊಂಡೆ.