ಸುಗುಣಾನ ಮೊದಲನೇ ಕ್ಯಾಸೆಟ್ಟು

ಹುಬ್ಬಳ್ಳಿ ಹಾಡಿನ ಸ್ಪರ್ಧಾದಾಗ ಗೆದ್ದ ಸುಗುಣಾ, ತನ್ನ ಮೊದಲನೇ ಕ್ಯಾಸೆಟ್ಟು ಮಾಡಿಸಿಕೊಂಡು ದುಮ್ಮವಾಡಕ್ಕ ಬಂದಾಗ ಕೈಯಾಗ ಒಂದೂ ಬಳಿ ಇರಲಿಲ್ಲ. ಲಗ್ನ ಆಗದ ಹುಡುಗಿ ಬರಿಗೈ ಅಂದ್ರ ಏನೋ ಭಾನಗಡಿ ಇರಬೇಕು! ಬಳಿ ಮಾರಾಕಿ ನಾನು. ಬುಟ್ಟಿ ಹೊತ್ತು ಎಲ್ಲಾರಿಗಿಂತ ಮೊದಲು ಅವರ ಮನಿ ಹೊಕ್ಕೆ.

"ಬಳಿ ಯಾರು ಒಡದ್ರವಾ?"

"ನಾನಽ ತಗದೇನಿ ಬೇ ಆಯಿ. ಹಾಡುವಾಗ ಅವುಗಳ ಸಪ್ಪಳಾನೂ ಟೇಪಿನಾಗ ಬರತಿತ್ತು."

ಅಂಗಳದಾಗ ಅವರಪ್ಪ ಬೆನ್ನು ಮಾಡಿ ಕುಂತಿದ್ದ. ಚರ್ಚಿನಾಗ ಹಾಡು ಹೇಳಿಸೋ ಮನಶಾ. ಯೇಸುವಿನ ಹಾಡಿಗೆ ಗಿಟಾರು, ಡ್ರಮ್ಮು ಹಚ್ಚ್ಯಾಳಂತ ಸುದ್ದಿ ಕೇಳಿ ಮಗಳ ಕೂಡ ಮಾತು ಬಿಟ್ಟು ಎಂಟು ದಿನ ಆಗಿತ್ತು.

ಬಳಿ ಇಡಸಾಕ ನಾನು ಆಕಿ ಕೈ ಹಿಡಕೊಂಡೆ, ಆಕಿ ಇನ್ನೊಂದು ಕೈಲೆ ಟೇಪು ಹಚ್ಚಿದಳು. ಧಡಧಡ ಸಪ್ಪಳಕ್ಕ ಬೈಬೇಕಂತ ಬಾಯಿ ತಗದೆ. ಅಷ್ಟರಾಗ ಆ ಹುಡುಗಿ ದನಿ ಮ್ಯಾಲೆದ್ದಿತು ನೋಡ್ರಿ, ಮೈ ಜುಮ್ಮಂದಿತು! ಆ ಸಣ್ಣ ಕೊರಳಾಗ ಅಷ್ಟು ದೊಡ್ಡ ದನಿ ದೇವರು ಎಲ್ಲಿಟ್ಟಿದ್ದನೋ! ತಗದ ಬಾಯಿ ಹಂಗಽ ಉಳೀತು.

ಟೇಪು ಟಕ್ಕಂತ ನಿಂತಿತು. ಸುಗುಣಾ ಅಂಗಳದ ಕಡೆ ನೋಡಿದಳು. ಅಪ್ಪ ತಿರುಗಲಿಲ್ಲ.

"ಇನ್ನೊಂದು ಮಗ್ಗಲಾ ಹಾಕು ಮಗಳ," ಅಂದ.

ಸಂಜಿಕ್ಕ ಬಾವಿಕಟ್ಟಿಗೆ ಸುದ್ದಿ ಕೇಳಾಕ ಎಲ್ಲಾರೂ ಕೂಡಿದ್ರು. ಆದದ್ದು ಆದಂಗ ಹೇಳಿದೆ. ಇಷ್ಟು ವರ್ಷ ನನ್ನ ಸುಳ್ಳು ನಂಬಿದ ರಂಡೇರು, ಅವತ್ತಿನ ಖರೇ ಮಾತು ಒಬ್ಬಾಕೀನೂ ನಂಬಲಿಲ್ಲ.