ಯಜಮಾನರ ತಲೆಯ ಮೇಲಿನ ಹಗ್ಗ

ಪೆಲೆನಾಟೋ ಆಕ್ಲೆಂಡಿನಲ್ಲಿ ಕಟ್ಟಡಗಳಿಗೆ ಸಾರುವೆ ಕಟ್ಟಿ ಪಳಗಿದವನು. ಅಪಿಯಾ ಪಟ್ಟಣದಾಚೆಯ ನಮ್ಮ ಹಳ್ಳಿಯಲ್ಲಿ ಹೊಸ ಚರ್ಚಿನ ಚಾವಣಿ ಏಳುವಾಗ, ಹತ್ತುವವರಿಗೆಲ್ಲ ಬೆಲ್ಟು ತೊಡಿಸಿ, ಹಗ್ಗದ ಕೊಕ್ಕೆ ಎಳೆದು ನೋಡಿ, ಬೈದು ಬೈದು ಮೇಲೆ ಕಳಿಸುವುದೇ ಅವನ ಕೆಲಸ. ಅಷ್ಟು ಗೊಣಗುತ್ತಿದ್ದನೆಂದು ನಾವು ಅವನಿಗೆ ‘ಅಜ್ಜಿ’ ಎಂದೇ ಹೆಸರಿಟ್ಟಿದ್ದೆವು.

ಅವನ ಬೈಗುಳ ನಿಲ್ಲುತ್ತಿದ್ದುದು ಒಬ್ಬರ ಮುಂದೆ ಮಾತ್ರ. ಕುಲದ ಯಜಮಾನರಾದ ತುಯಿಲೋಮಾ ಕೆಲಸ ನೋಡಲು ದಿನವೂ ಚಾವಣಿ ಹತ್ತಿ, ಎಲ್ಲರ ಹಗ್ಗದ ತುದಿ ಕಟ್ಟಿದ ಗಂಟೆಗೋಪುರದ ಬುಡದಲ್ಲೇ ಕೂರುತ್ತಿದ್ದರು. ಯಾರಾದರೂ ಆ ಪಕ್ಕದಿಂದ ಈ ಪಕ್ಕಕ್ಕೆ ಸರಿದರೆ ಅವನ ಹಗ್ಗ ಯಜಮಾನರ ತಲೆಯ ಮೇಲೆ ಹಾಯಬೇಕು. ಯಜಮಾನರ ತಲೆಯ ಮೇಲೆ ನಮ್ಮಲ್ಲಿ ಕೈಯನ್ನೂ ಚಾಚುವುದಿಲ್ಲ.

“ಯಜಮಾನ್ರೇ, ಸ್ವಲ್ಪ ಆಚೆ ಕೂತ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಅವನು ದಿನವೂ ಅಂಗಲಾಚುತ್ತಿದ್ದ.

“ನಿನ್ನ ಹಗ್ಗಕ್ಕೆ ಹೆದರಿ ನಾನು ಜಾಗ ಬಿಡ್ಬೇಕಾ? ನಿಮ್ಮಜ್ಜ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾನೆ, ನೋಡ್ಕೋ!”

ಎಲ್ಲರೂ ನಕ್ಕರು. ಪೆಲೆನಾಟೋ ನಗಲಿಲ್ಲ.

ಆ ಗುರುವಾರ ಅವನ ತಮ್ಮ ಫಾಲಾನಿಕೋ ತಗಡಿಗೆ ಮೊಳೆ ಹೊಡೆಯುತ್ತ ಬಂದು, ಯಜಮಾನರನ್ನು ದಾಟಬೇಕಾಯಿತು. ಕೊಕ್ಕೆ ಬಿಚ್ಚಿದ. ಸೊಂಟ ಬಗ್ಗಿಸಿ, “ತಪ್ಪು ತಿಳೀಬೇಡಿ ಯಜಮಾನ್ರೇ,” ಎಂದು ಅಂಚಿನಿಂದ ಸುತ್ತಿ ಹೊರಟ. ಕೆಳಗಿನಿಂದ ಪೆಲೆನಾಟೋ “ಲೋ, ಕೊಕ್ಕೆ! ಕೊಕ್ಕೆ ಹಾಕೋ!” ಎಂದು ಕಿರುಚಿದ. ತಮ್ಮ ಕಾಲುಜಾರಿ ಅವನ ಕಣ್ಣೆದುರೇ ಬಿದ್ದ. ಹಾಳು ಮರ್ಯಾದೆ ಒಂದು ಜೀವ ತಿಂದಿತು.

ಹೂಳಿದ ಮರುದಿನ ಬೆಳಕು ಹರಿಯುವಾಗ ತುಯಿಲೋಮಾ ಪೆಲೆನಾಟೋನ ಅಂಗಳಕ್ಕೆ ಬಂದು ನೆಲಕ್ಕೆ ಕುಳಿತು, ಮನೆತನದ ನುಣುಪು ಚಾಪೆಯನ್ನು ತಲೆತುಂಬ ಹೊದ್ದುಕೊಂಡರು. ನಮ್ಮಲ್ಲಿ ತಪ್ಪೊಪ್ಪುವ ರೀತಿ ಅದು; ಸತ್ತವನ ಕಡೆಯವರು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಎರಡು ಮನೆಗಳ ನಡುವೆ ರಕ್ತ ಹರಿದರೂ ಹರಿಯಬಹುದು. ಬಿಸಿಲು ಏರಿತು. ಒಳಗೆ ತಾಯಿಯ ಗೋಳು ನಿಲ್ಲಲಿಲ್ಲ.

ಕೊನೆಗೆ ಪೆಲೆನಾಟೋ ತಮ್ಮನ ಹಗ್ಗ ಹಿಡಿದು ಹೊರಬಂದು, ಅವರೆದುರು ಮಂಡಿಯೂರಿದ.

“ಯಜಮಾನ್ರೇ, ನನ್ನ ಕೈಯಲ್ಲಿ ತಮ್ಮನ ಹಗ್ಗ ಇದೆ. ನನಗೆ ಇನ್ನೊಬ್ಬ ತಮ್ಮ ಇದಾನೆ. ಸೋಮವಾರ ಅವನೂ ಚಾವಣಿ ಹತ್ತಬೇಕು. ಅವನೂ ನಿಮಗೆ ಮರ್ಯಾದೆ ಕೊಡೋನೇ.”

ಚಾಪೆಯೊಳಗಿಂದ ಒಡೆದ ದನಿ ಬಂತು: “ಹಗ್ಗ ನನ್ನ ತಲೆ ಮೇಲೆ ಹಾಯಿಸು ಮಗಾ. ಎಲ್ಲರೂ ನೋಡ್ಲಿ.”

ಪೆಲೆನಾಟೋ ಹಗ್ಗವನ್ನು ಆ ತಲೆಯ ಮೇಲೆ ಹಾಯಿಸಿದ. ಆಮೇಲೇ ಚಾಪೆ ಎತ್ತಿದ.